ಕೊಯ್ದವರ ಕಟ್ಟಿಗೆ

"ಇಳಸಲೇ ರಂಡಿ, ಇಳಸು! ತಲಿ ಮ್ಯಾಲಿಂದು ಇಳಸು ಅಂದ್ರ ಕಿವಿ ಸತ್ತಾವೇನು?"

ದ್ರೌಪತಿ ತೊಗರಿ ಕಟ್ಟಿಗೆಯ ಹೊರೆಯನ್ನು ಮಹಾರುದ್ರಪ್ಪನ ಕಾಲಬುಡಕ್ಕೇ ಒಗೆದಳು. ಎದ್ದ ಧೂಳು ಅವನ ಬಿಳಿ ಧೋತರಕ್ಕೆ ಹತ್ತಿತು.

ಹನ್ನೊಂದು ದಿನ ಅವನ ಹೊಲದಲ್ಲಿ ತೊಗರಿ ಕೊಯ್ದು, ಬಡಿದು, ತೂರಿ, ಕಾಳನ್ನು ಅವನ ಮನೆಗೆ ಮುಟ್ಟಿಸಿದವಳು ಅವಳು. ಹುಡಗಿ ಎಂಬ ಊರಿನಾಚೆಯ ಆ ಹಳ್ಳಿಯಲ್ಲಿ ಕಾಳು ಧಣಿಗೆ, ಕಟ್ಟಿಗೆ ಕೊಯ್ದವರಿಗೆ. ಅವಳ ಅಜ್ಜಿಯ ಕಾಲದಿಂದಲೂ ಹಾಗೇ. ಕಟ್ಟಿಗೆ ಒಯ್ಯುತ್ತೀರಲ್ಲ ಅಂತಲೇ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಕೇರಿಯ ಒಲೆಗಳು ಮುಂದಿನ ಸುಗ್ಗಿಯವರೆಗೆ ಉರಿಯಬೇಕಾದದ್ದು ಅದರಿಂದಲೇ.

"ಕೊಯ್ದವರ ಕಟಿಗಿ ಅಲ್ಲೇನ್ರಿ ಧಣಿ ಇದು?"

"ಇಷ್ಟು ವರ್ಷ ಇತ್ತು, ಇನ್ನ ಇಲ್ಲ. ಹುಮನಾಬಾದಿಗಿ ಕಾರ್ಖಾನಿ ಬಂದದ. ಇದನ್ನ ಸುಟ್ಟು ಕರೆಂಟ್ ಮಾಡ್ತಾರ. ಸರಕಾರದ ಪಾಲಿಸಿ ಅದು. ನಿನ್ನಂಥಾಕಿಗಿ ಏನ್ ತಿಳೀತದ? ನಡಿ."

"ಹಂಗಾದ್ರ ಮುರಕೊಂಡಿದ್ದ ಕೂಲಿ ಕೊಡ್ರಿ."

"ಬಾಯಿ ಭಾಳ ಬೆಳದದ ಭಾಡ್ಕೋದು," ಎಂದ ಅವನು, ಅವಳಿಗಲ್ಲ, ಬೇವಿನ ಗಿಡಕ್ಕೆ.

ಮರುದಿನ ಟ್ರ್ಯಾಕ್ಟರು ಕೇರಿಗೇ ಬಂತು. ಮೊದಲ ಹತ್ತು ದಿನ ಹೊತ್ತು ತಂದು ಹಿತ್ತಲಲ್ಲಿ ಒಟ್ಟಿದ್ದ ಹೊರೆಗಳನ್ನೂ ಧಣಿಯ ತಮ್ಮ ಶಂಕರಲಿಂಗ ನಿಂತು ಹೇರಿಸಿದ. ತಾನೂ ಎರಡು ಹೊರೆ ಎತ್ತಿದ. ಬಿಸಿಲಿಗೆ ಅವನ ತುಟಿ ಒಣಗಿತ್ತು. ಪಕ್ಕದ ಮನೆಯ ಮುದುಕಿ ಸರುಬಾಯಿ ಒಂದು ಚರಿಗೆ ನೀರು ತಂದು ಮುಂದೆ ಹಿಡಿದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಬ್ಯಾಡ, ಬ್ಯಾಡ."

"ನಮ್ಮ ಹಿತ್ತಲದಾಗಿನ ಕಟಿಗಿ ಎದೀಗಿ ಅವಚಿಕೊಂಡೀರಿ," ಎಂದಳು ದ್ರೌಪತಿ. "ಅದಕ್ಕ ಮೈಲಿಗಿ ಇಲ್ಲೇನ್ರಿ?"

"ಕಟಿಗಿಗಿ ಎಲ್ಲೀದು ಮೈಲಿಗಿ? ನೀರಿಗದ," ಎಂದ ಶಂಕರಲಿಂಗ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ.

"ಶ್ಯಾಣ್ಯಾ ಇದ್ದಾನ, ನೋಡು," ಎಂದು ಸರುಬಾಯಿ ಆ ನೀರನ್ನು ತಾನೇ ಗಟಗಟ ಕುಡಿದಳು.

ಆಮೇಲಿನ ಮೂರು ದಿನ ದ್ರೌಪತಿ ಹರಿದ ಚಪ್ಪಲಿ, ಗೊಬ್ಬರದ ಚೀಲ, ಪಂಕ್ಚರ್ ಅಂಗಡಿಯವನು ಎಸೆದ ಟೈರಿನ ಚೂರು ಸುಟ್ಟು ರೊಟ್ಟಿ ಮಾಡಿದಳು. ಮಗಳು ರತ್ನಮಾಲಾ ಮೊದಲ ತುತ್ತನ್ನೇ ಉಗುಳಿದಳು.

"ಅವ್ವಾ, ರೊಟ್ಟಿ ಬಸ್ಸಿನ ವಾಸನಿ ಬರ್ತದ."

"ತಿನ್ನು. ಚಿಟಗುಪ್ಪಾಕ ಹೋಗಿ ಬಂದಂಗ ಆಗ್ತದ."

ಹುಡುಗಿ ನಗಲಿಲ್ಲ. ತಟ್ಟೆಯನ್ನು ಹಾಗೇ ಬಿಟ್ಟು ಶಾಲೆಗೆ ಹೋದಳು.

ಸೋಮವಾರ ಪಂಚಾಯತಿ ಮುಂದೆ ಪೆಂಡಾಲು. ಮೊದಲ ಲಾರಿಗೆ ಚೆಂಡುಹೂವಿನ ಹಾರ, ಹೇರಿದ ಕಟ್ಟಿಗೆಗೆ 'ಹಸಿರು ಇಂಧನ, ಹಸಿರು ನಾಡು' ಎಂಬ ಬ್ಯಾನರು. ಸಭೆ ತುಂಬಬೇಕೆಂದು ಕೇರಿಯ ಹೆಂಗಸರಿಗೂ ಹೇಳಿಕಳಿಸಿದ್ದರು. ಆದರೆ ಕುರ್ಚಿಯಲ್ಲಿ ಅಲ್ಲ, ಲಾರಿಯ ಮಗ್ಗುಲಿಗೆ ನೆಲದ ಮೇಲೆ. ದ್ರೌಪತಿ ಒಂದು ಕೊಡ ನೀರು ಹೊತ್ತು ಬಂದಳು. ಸರುಬಾಯಿಯ ಸೆರಗಿನಡಿ ಹಂಚು, ಹಿಟ್ಟು ನಾದುವ ಪರಾತ, ಹಿಟ್ಟಿನ ಗಂಟು.

ಮೈಕಿನಲ್ಲಿ ಸರಕಾರದ ಸಾಹೇಬರು ಇದ್ದರು. ಬೆಂಗಳೂರಿನವರು.

"ಬಂಧುಗಳೇ, ಸುಸ್ಥಿರ ಜೈವಿಕ ಆರ್ಥಿಕತೆ ಎಂದರೆ ತ್ಯಾಜ್ಯದಿಂದ ಸಂಪತ್ತು. ಇಷ್ಟು ವರ್ಷ ಯಾರಿಗೂ ಬೇಡವಾಗಿ ಬಿದ್ದಿದ್ದ ತ್ಯಾಜ್ಯ ಇದು..."

"ಯಾರಿಗೂ ಬ್ಯಾಡಾಗಿತ್ತಂತ," ಎಂದಳು ಸರುಬಾಯಿ. "ನಾವು ಯಾರೂ ಅಲ್ಲಂತ ತಿಳಕೋ."

"...ಇನ್ನು ತಾಯಂದಿರಿಗೆ ಒಲೆಯ ಹೊಗೆಯಿಂದಲೂ ಬಿಡುಗಡೆ..."

ಅಷ್ಟರಲ್ಲಿ ಕರೆಂಟು ಹೋಗಿ ಮೈಕು ಸತ್ತಿತು. ಬೋರಿನ ಮೋಟಾರೂ ನಿಂತಿತು. ಸಾಹೇಬರು ಬರಿ ಬಾಯಿಯಿಂದ ಇನ್ನಷ್ಟು ಹೊತ್ತು ಬಿಡುಗಡೆ ಮಾಡಿದರು. ಆಮೇಲೆ ಕೆಳಗಿಳಿದು ಹಸಿರು ಬಾವುಟ ಹಿಡಿದರು.

ದ್ರೌಪತಿ ಎದ್ದಳು. ಲಾರಿಯ ಮುಂದಿನ ಗಾಲಿಗೆ ನಾಲ್ಕು ಮಾರು ದೂರದಲ್ಲಿ ಮೂರು ಕಲ್ಲು ಹೂಡಿದಳು. ಬ್ಯಾನರಿನ ಕೆಳಗೆ ಕೈ ಹಾಕಿ ಒಂದು ತೆಕ್ಕೆ ಕಟ್ಟಿಗೆ ಎಳೆದು ತಂದು ಕಡ್ಡಿ ಗೀರಿದಳು. ಒಣಗಿದ ತೊಗರಿ ಕಟ್ಟಿಗೆ ಪಟಪಟ ಹೊತ್ತಿತು. ಸರುಬಾಯಿ ಹಂಚಿಟ್ಟು ಹಿಟ್ಟು ನಾದತೊಡಗಿದಳು.

"ಏ! ಸರಕಾರಿ ಮಾಲಿಗಿ ಕೈ ಹಚ್ಚತೀಯೇನಲೇ ಕಳ್ಳಿ?" ಮಹಾರುದ್ರಪ್ಪ ಕುರ್ಚಿ ಉರುಳಿಸಿ ಓಡಿಬಂದ.

"ತ್ಯಾಜ್ಯ ಅಂದ್ರಲ್ರಿ ಸಾಹೇಬ್ರು. ತ್ಯಾಜ್ಯ ತಗೊಂಡ್ರ ಕಳುವು ಹ್ಯಾಂಗ ಆಗ್ತದ್ರಿ?"

"ಪೀರ್ ಪಾಷಾ! ಗಾಡಿ ಹೊಡಿಯೋ! ಇವರ ಮ್ಯಾಲೇ ಹೊಡಿ!"

ಡ್ರೈವರ್ ಪೀರ್ ಪಾಷಾ ಇಂಜಿನ್ ಬಂದ್ ಮಾಡಿ ಕೀಲಿ ಜೇಬಿಗಿಟ್ಟ. "ಮ್ಯಾಲ ಒಣಾ ಮಾಲ್ ಅದ ಸಾವಕಾರ್. ಮುಂದ ಬೆಂಕಿ, ಹಿಂದ ನಿಮ್ಮ ಪೆಂಡಾಲ್. ಒಂದು ಕಿಡಿ ಹಾರಿದ್ರ ಖತಂ. ಮೊದಲ ಅದನ್ನ ಆರಿಸ್ರಿ."

"ನೀರು! ನೀರು ತರ್ರೋ!"

ಬೋರು ಬಂದಾಗಿತ್ತು. ಸಾಹೇಬರ ಕೈಯಲ್ಲಿದ್ದ ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ಅದನ್ನೂ ಅವರು ಎದೆಗೆ ಹಿಡಿದುಕೊಂಡು ದೂರ ನಿಂತರು.

"ಅಲ್ಲೇ ಕೊಡ ಇದೆಯಲ್ರಿ ಮಹಾರುದ್ರಪ್ಪನವರೇ! ಎತ್ತಿ ಸುರೀರಿ!" ಎಂದು ಅಲ್ಲಿಂದಲೇ ಕೂಗಿದರು.

ಒಲೆಯ ಪಕ್ಕದಲ್ಲೇ ದ್ರೌಪತಿಯ ಕೊಡ ಇತ್ತು, ಕಂಠದವರೆಗೆ ತುಂಬಿ. ಮಹಾರುದ್ರಪ್ಪ ಬಗ್ಗಿದ. ಕೈ ಕೊಡದ ಕಂಠದತ್ತ ಹೋಗಿ ಗೇಣು ದೂರದಲ್ಲಿ ನಿಂತಿತು. ಪೆಂಡಾಲಿನಲ್ಲಿ ಅವನ ಬೀಗರು, ಅಣ್ಣತಮ್ಮಂದಿರು, ಇಡೀ ಊರು ಅವನ ಕೈಯನ್ನೇ ನೋಡುತ್ತಿತ್ತು. ಶಂಕರಲಿಂಗ ಆಕಾಶ ನೋಡುತ್ತಿದ್ದ.

"ಎತ್ರಿ ಧಣಿ," ಎಂದಳು ದ್ರೌಪತಿ, ರೊಟ್ಟಿ ಬಡಿಯುತ್ತಾ. "ಭಾರ ಇಲ್ಲ. ದಿನಾ ನಾನೇ ಹೊರ್ತೇನಿ."

ಅವನು ಹಾಗೇ ಬಗ್ಗಿ ನಿಂತಿದ್ದ. ರೊಟ್ಟಿ ಉಬ್ಬಿತು. ಸರುಬಾಯಿ ಅದನ್ನು ತೆಗೆದು, ಪಕ್ಕದ ಶಾಲೆಯ ಗೋಡೆಯ ಮೇಲಿಂದ ಇಣುಕುತ್ತಿದ್ದ ರತ್ನಮಾಲಾಳನ್ನು ಕೈಸನ್ನೆ ಮಾಡಿ ಕರೆದಳು. ಉರಿ ಸ್ವಲ್ಪ ಇಳಿದಿತ್ತು. ದ್ರೌಪತಿ ಎದ್ದು, ಬಗ್ಗಿದವನನ್ನು ಬಳಸಿ ಹೋಗಿ, ಬ್ಯಾನರಿನ ಕೆಳಗಿನಿಂದ ಇನ್ನೊಂದು ತೆಕ್ಕೆ ಎಳೆದಳು.