ಮೊರದ ಮೇಲಿನ ಕೆಂಪು ದಂಡು

ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಹಳೆಯ ಮೊರಕ್ಕೆ ಅಂಟಿಸಿ, ಸರಸ್ವತಿ ನಗರದ ನಮ್ಮ ತಾರಸಿಯಲ್ಲಿ ಕೆಂಪು ಪ್ರೈಮರ್ ಸ್ಪ್ರೇ ಹೊಡೆದೆ. ಅಡಿಬಣ್ಣವಾದ ಪ್ರೈಮರೇ ಕೆಂಪಾದರೆ ಇಡೀ ದಂಡಿಗೆ ಮತ್ತೆ ಬ್ರಷ್ಷಿನಲ್ಲಿ ಕೆಂಪು ಬಳಿಯುವ ಪೀಡೆಯಿಲ್ಲ.

ಪಕ್ಕದ ಮನೆಯ ನೀಲಕ್ಕ ತನ್ನ ತಾರಸಿಯಿಂದ ನೋಡಿ ಬೆಚ್ಚಿದಳು. "ಯಾರಿಗೆ ಮಾಟ ಮಾಡಾಕತ್ತೀಯ ಕೀರ್ತನಾ?"

"ಆಟದ ಗೊಂಬೆ ಕಣ್ರಿ ನೀಲಕ್ಕ, ಬಣ್ಣ ಹೊಡೀತಿದೀನಿ," ಎಂದು ಸಿಡುಕಿ, ಅದು ಒಣಗಲೆಂದು ಬಿಟ್ಟು ಊಟಕ್ಕಿಳಿದೆ.

ಮತ್ತೆ ಹತ್ತಿ ಬಂದಾಗ ತಾರಸಿಯ ಹೊಸ್ತಿಲ ಮೇಲೆ ಕುಂಕುಮ ಮೆತ್ತಿದ ನಿಂಬೆಹೋಳುಗಳಿದ್ದವು. ನನ್ನ ಮಾಟಕ್ಕೆ ನೀಲಕ್ಕ ಗೋಡೆ ಹಾರಿ ಬಂದು ಇಟ್ಟ ಮದ್ದು. ನಾನು ಇದನ್ನೆಲ್ಲ ನಂಬುವವಳೇ ಅಲ್ಲ. ಆದರೂ ಎತ್ತಿದ ಕಾಲನ್ನು ಹಿಂದಕ್ಕಿಟ್ಟೆ, ದಾಟಲಾಗಲಿಲ್ಲ.

ಮಳೆ ಹನಿಯತೊಡಗಿತು. "ಗೊಂಬೆ ನೆನೀತಾವೆ, ತಗಂಬಾರೆ," ಎನ್ನುತ್ತಾ ಅಮ್ಮ ಮೆಟ್ಟಿಲು ಹತ್ತಿ ಬಂದಳು. ಅವಳು ಹೊಸ್ತಿಲು ನೋಡಲಿಲ್ಲ. ನಾನು ಹೇಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.