ಸುರಂಗದಲ್ಲಿ ಸಿಳ್ಳೆ

ಬಂಡೆ ಕುಸಿದು ದಾರಿ ಮುಚ್ಚಿದಾಗ ಸುರಂಗದ ತುದಿಯಲ್ಲಿ ಉಳಿದದ್ದು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿಯ ಅಪ್ಪ. ಗಣಿಯ ಚಾವಣಿಗೆ ಮರದ ಆಸರೆ ಕೊಡುವುದು ನಮ್ಮ ಕೆಲಸ. ಮಾವನ ಕಾಲು ಬಂಡೆಯಡಿ ಸಿಕ್ಕಿತ್ತು. ದೀಪ ಆರಿತ್ತು. ಕೂಗೋಣವೆಂದರೆ ಧೂಳಿಗೆ ಗಂಟಲು ಕಟ್ಟಿ ಪಿಸುಮಾತಷ್ಟೇ ಹೊರಡುತ್ತಿತ್ತು.

ಅಷ್ಟು ಹೊತ್ತು ಆಚೆಯಿಂದ ಕೇಳುತ್ತಿದ್ದ ಗುದ್ದಲಿಯ ಸದ್ದು ನಿಂತಿತು. ನಾವು ಸತ್ತಿದ್ದೇವೆಂದು ಅಗೆಯುವವರು ಹೊರಟುಬಿಟ್ಟರೆ? ಸಿಳ್ಳೆ ಹಾಕಲು ಬೆರಳನ್ನು ತುಟಿಗಿಟ್ಟೆ. ಮಾವ ಕೈ ಹಿಡಿದು ಎಳೆದರು.

"ಒಳಗೆ ಸಿಳ್ಳೆ ಹಾಕ್ಬಾರ್ದು ಅಂತ ಗೊತ್ತಿಲ್ವಾ? ಮರ ಮುರಿಯೋಕೆ ಮುಂಚೆ ಚಿಟಚಿಟ ಅನ್ನುತ್ತೆ. ನಿನ್ನ ಸಿಳ್ಳೇಲಿ ಅದು ಕೇಳ್ಸೋದು ಹೇಗೆ?"

ಹೆದರಿಕೆಯಾದರೆ ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಸುರಂಗ ಅನ್ನೋ ಮಾತೇ ಕೊಳಲಿಂದ ಬಂದಿರಬೇಕು ಅಂತಾರಂತೆ ಮಾವ. ಟೀಚರಮ್ಮ ನಿಮ್ಮ ಮಗಳೇ ಹೇಳಿದ್ಲು. ಗ್ರೀಕರು ಕೊಳಲಿಗೂ ಕೊಳವೆಗೂ ಸಿರಿಂಕ್ಸ್ ಅಂತಿದ್ರಂತೆ. ಅದು ಸಂಸ್ಕೃತಕ್ಕೆ ಬಂದು, ಆಮೇಲೆ ನಮ್ಮ ಬಾಯಿಗೆ ಬಿತ್ತಂತೆ. ಕೊಳಲಲ್ಲಿ ಕೂರಿಸಿ ಊದಬೇಡ ಅಂದ್ರೆ ಹೇಗೆ?"

"ಊದೋನು ಕೊಳಲಿನ ಹೊರಗಿರ್ತಾನೆ, ಅಳಿಯಂದ್ರೇ," ಎಂದರು. ನಗಲು ಹೋಗಿ ನರಳಿದರು. ಆಚೆ ಇನ್ನೂ ನಿಶ್ಶಬ್ದ.

ಮಾವ ನಿಟ್ಟುಸಿರು ಬಿಟ್ಟು ನನ್ನ ಮಂಡಿಯ ಮೇಲೆ ಕೈಯಿಟ್ಟರು. "ಸರಿ, ಊದು. ಕೇಳೋ ಕೆಲಸ ನನಗಿರಲಿ. ಮೇಲೆ ಸದ್ದಾದ್ರೆ ಗಟ್ಟಿಯಾಗಿ ಹಿಡೀತೀನಿ, ತಕ್ಷಣ ಗೋಡೆಗೆ ಅಂಟ್ಕೊ. ನಿಂತ್ರೆ ಸಡಿಲ ಬಿಡ್ತೀನಿ, ಮತ್ತೆ ಊದು."

"ನೀವು ಎಲ್ಲಿಗೆ ಅಂಟ್ಕೋತೀರಿ?"

"ನಾನು ಆಗ್ಲೇ ಅಂಟ್ಕೊಂಡಿದ್ದೀನಲ್ಲ!"

ಊದಿದೆ. ಮಂಡಿಯ ಮೇಲಿನ ಕೈ ಬಿಗಿಯಿತು. ಗೋಡೆಗೆ ಒತ್ತಿಕೊಂಡೆ. ತಲೆಯ ಮೇಲೆ ಮರ ಚಿಟಗುಟ್ಟಿ, ಮಣ್ಣು ಕತ್ತಿನೊಳಗೆ ಉದುರಿತು. ಅತ್ತುಬಿಡುತ್ತೇನೆನ್ನಿಸಿತು. ಕೈ ಸಡಿಲವಾಯಿತು. ಮತ್ತೆ ಊದಿದೆ. ಹೀಗೆಯೇ ಬಿಗಿ, ಸಡಿಲ, ಬಿಗಿ. ಕೊನೆಗೆ ಆಚೆಯಿಂದ ಯಾರೋ ಬಂಡೆಗೆ ಕುಟ್ಟಿ ಉತ್ತರ ಕೊಟ್ಟರು. ಗುದ್ದಲಿಗಳು ಶುರುವಾದವು.

ಆಗ ಮಾವನ ಬೆರಳುಗಳು ಎಂದಿಗಿಂತ ಗಟ್ಟಿಯಾಗಿ ಹಿಡಿದವು. ಉಸಿರು ಬಿಗಿಹಿಡಿದು ಕೂತೆ. ನಿಧಾನವಾಗಿ ಅವು ಸಡಿಲವಾದವು, ಪೂರ್ತಿ ಸಡಿಲವಾದವು. ಸದ್ಯ, ಚಾವಣಿ ನಿಂತಿತು ಎಂದುಕೊಂಡೆ. ಇನ್ನು ಹೆದರಿಕೆಯಿಲ್ಲವೆಂದು ಎದೆ ತುಂಬಾ ಗಾಳಿ ಎಳೆದು, ಬಂಡೆಯ ಸಂದಿಯಲ್ಲಿ ಬೆಳಕು ಕಾಣುವವರೆಗೂ ಸಿಳ್ಳೆ ಹಾಕುತ್ತಲೇ ಇದ್ದೆ.

"ಮಾವ, ಬಂದ್ರು!" ಎಂದು ಅವರ ಕೈ ಎತ್ತಿದೆ. ಬಿಟ್ಟ ಕೂಡಲೇ ಅದು ನೆಲಕ್ಕೆ ಬಿತ್ತು.