ಬಂಟ್ಯಾನ ಸೂಜಿ

ಈರಪ್ಪ ಹೊಲದಿಂದ ಟವೆಲಿನಲ್ಲಿ ಒಂದು ನಾಯಿಕುನ್ನಿಯನ್ನು ಸುತ್ತಿಕೊಂಡು ಬಂದ. ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಗೌರಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಎಲ್ಲಿಂದ ತಂದ್ರಿ, ಅಲ್ಲೇ ಬಿಟ್ಟು ಬರ್ರಿ."

ಮೊರಬಕ್ಕೆ ಸೊಸೆಯಾಗಿ ಬಂದಾಗಿನಿಂದ ಅವಳು ನಾಯಿಯನ್ನು ಅಂಗಳಕ್ಕೆ ಬಿಟ್ಟುಕೊಂಡವಳಲ್ಲ. ತವರಿನಲ್ಲಿ ಅವಳ ತಮ್ಮ ಹೊಳೆಪ್ಪನಿಗೆ ಹುಚ್ಚುನಾಯಿ ಕಚ್ಚಿತ್ತು. ಗಾಯ ಸಣ್ಣದೆಂದು ಅರಿಶಿನ ಹಚ್ಚಿ ಮರೆತಿದ್ದರು. ಕೆಲವು ವಾರ ಕಳೆದ ಮೇಲೆ ಹುಡುಗ ನೀರಿನ ತಂಬಿಗೆ ಕಂಡರೆ ಬೆಚ್ಚತೊಡಗಿದ. ಬಾಯಾರಿ ಕೇಳುವವನೂ ಅವನೇ, ಕೊಟ್ಟರೆ ದೂಡುವವನೂ ಅವನೇ. ಅವನು ತೀರಿಕೊಂಡಾಗ ಗೌರಕ್ಕ ಇನ್ನೂ ಲಂಗ ಉಡುತ್ತಿದ್ದಳು.

ಈರಪ್ಪನಿಗೆ ಮೆಣಸಿನಕಾಯಿ ಕಣಕ್ಕೊಂದು ಕಾವಲು ಬೇಕಿತ್ತು. ಮಾತು ಬೆಳೆಸದೆ ಕುನ್ನಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ. ಮರುದಿನ ಬೆಳಿಗ್ಗೆ ಗೌರಕ್ಕನೇ ಮಾತು ತೆಗೆದಳು.

"ಇಟ್ಕೋರಿ. ಆದ್ರ ಅದಕ್ಕ ಸೂಜಿ ಮಾಡಸಬೇಕು. ಹುಚ್ಚ ಹಿಡೀದಂಗ ನಾಯಿಗೂ ಸೂಜಿ ಬಂದೈತಂತ ರೇಡಿಯೋದಾಗ ಹೇಳ್ಯಾರ. ಒಂದ್ ವರ್ಷ ತಪ್ಪಿದ್ರೂ ನಾಯಿ ಹೊರಗ."

ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಈರಪ್ಪ ಚಕ್ಕಡಿ ಹೂಡಿಕೊಂಡು ನವಲಗುಂದದ ದನದ ದವಾಖಾನೆಗೆ ಹೋದ. ಡಾಕ್ಟರು ಕುನ್ನಿಯ ಹಲ್ಲು ನೋಡಿ ನಕ್ಕರು.

"ಇನ್ನೂ ಸಣ್ಣದೈತಿ. ತಾಯಿ ಹಾಲಿನ ಬಲ ಇರೂತನಕ ಸೂಜಿ ಹತ್ತೂದಿಲ್ಲ. ಮೂರು ತಿಂಗಳ ತುಂಬಿದ ಮ್ಯಾಲ ತೊಗೊಂಡ್ ಬರ್ರಿ."

ಮತ್ತೆ ಹೋದಾಗ ಸೂಜಿಯಾಯಿತು. ಸ್ವಲ್ಪ ದಿನಕ್ಕೆ ಇನ್ನೊಂದಾಯಿತು. ಆಮೇಲೆ ಪ್ರತಿವರ್ಷ ಕಡಲೆ ರಾಶಿ ಮುಗಿದ ಕೂಡಲೇ ಗೌರಕ್ಕ ನೆನಪಿಸುತ್ತಿದ್ದಳು. "ನಾಯಿಗೆ ಚಕ್ಕಡಿ ಮೆರವಣಿಗಿ!" ಎಂದು ಓಣಿಯವರು ನಗುತ್ತಿದ್ದರು. ಬಂಟ್ಯಾ ಎಂಬ ಹೆಸರು ಬಂದು, ಎದೆ ಅಗಲವಾಗಿ, ದನಿ ದಪ್ಪವಾಗಿ ಅವನು ಪೂರ್ತಿ ನಾಯಿಯಾದ. ಗೌರಕ್ಕ ದಿನವೂ ರೊಟ್ಟಿ ಹಾಕಿದಳು. ಮೈ ಮಾತ್ರ ಒಮ್ಮೆಯೂ ಮುಟ್ಟಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಜೊಲ್ಲು ಸುರಿಸುತ್ತ ಒಂದು ಪರನಾಯಿ ಓಣಿಗೆ ನುಗ್ಗಿತು. ಪಕ್ಕದ ಮನೆಯ ಮೀರಾಸಾಬನ ಎಮ್ಮೆಕರುವಿಗೆ ಬಾಯಿ ಹಾಕಿ, ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವನ ಹೆಂಡತಿ ಹಲೀಮಾಬಿಯ ಕಡೆ ತಿರುಗಿತು. ಬಂಟ್ಯಾ ನಡುವೆ ಹಾರಿದ. ಜನ ಬಡಿಗೆ ಹಿಡಿದು ಬಂದು ಪರನಾಯಿಯನ್ನು ಹೊಡೆದು ಕೆಡವಿದರು. ಹಲೀಮಾಬಿಗೆ ಏನೂ ಆಗಿರಲಿಲ್ಲ. ಬಂಟ್ಯಾನ ಮುಂಗಾಲಿನಿಂದ ರಕ್ತ ಇಳಿಯುತ್ತಿತ್ತು.

ಮೀರಾಸಾಬ ತಲೆ ತಗ್ಗಿಸಿಕೊಂಡು ಹೇಳಿದ: "ಈರಪ್ಪಣ್ಣ, ಬ್ಯಾಸರ ಮಾಡ್ಕೋಬ್ಯಾಡ. ನನ್ನ ಮನಿಯಾಕಿನ್ನ ಉಳಸೇತಿ, ಖರೆ. ಆದ್ರ ಓಣ್ಯಾಗ ಸಣ್ಣ ಮಕ್ಕಳದಾವ. ಇದನ್ನೂ ಹೊಡದ ಹಾಕೂಣು."

ಈರಪ್ಪ ಹೆಂಡತಿಯ ಮುಖ ನೋಡಿದ. ಅವಳ ಹೆದರಿಕೆ ಅವನಿಗೆ ಗೊತ್ತಿತ್ತು. ಕಣ್ಣು ಒರೆಸಿಕೊಂಡು ಬಡಿಗೆಗೆ ಕೈ ಹಾಕಿದ.

"ಬಡಿಗಿ ಕೆಳಗಿಡ್ರಿ," ಎಂದಳು ಗೌರಕ್ಕ. "ಇಷ್ಟ್ ವರ್ಷ ಸೂಜಿ ಮಾಡಿಸಿದ್ದು ಯಾತಕ್ಕ? ಡಾಕ್ಟರ್‍ನ ಕರಕೊಂಡ್ ಬರ್ರಿ. ಅವರು ಹೊಡೀರಿ ಅಂದ್ರ ನಾ ಅಡ್ಡ ಬರೂದಿಲ್ಲ."

ಡಾಕ್ಟರು ಬರ್ಫದ ಡಬ್ಬಿಯಲ್ಲಿ ಮದ್ದು ಇಟ್ಟುಕೊಂಡು ಮೋಟಾರ್ ಸೈಕಲ್ ಮೇಲೆ ಬಂದರು. ಬಂಟ್ಯಾನ ಬಾಯಿ ಬಿಗಿಸಿ, ಗಾಯಕ್ಕೆ ಸಾಬೂನಿನ ನೀರು ಹೊಯ್ದು ತೊಳೆದು, ಸೂಜಿ ಚುಚ್ಚಿದರು.

"ಹಿಂದಿನ ಸೂಜಿ ಒಂದೂ ತಪ್ಪಿಲ್ಲ, ಅದ ದೊಡ್ಡ ಬಲ. ಆದ್ರೂ ಒಂದೂವರಿ ತಿಂಗಳ ಕಟ್ಟಿ ಹಾಕ್ರಿ, ಯಾರೂ ಮುಟ್ಟಬ್ಯಾಡ್ರಿ. ಅನ್ನ ನೀರು ಬಿಟ್ರ ತಡಾ ಮಾಡದ ಹೇಳ್ರಿ."

ಮೀರಾಸಾಬನ ಕರು ನೋಡಿ ಅವರು ಭರವಸೆಯ ಮಾತೇನೂ ಆಡಲಿಲ್ಲ.

ಗೌರಕ್ಕ ದಿನಾ ಬೆಳಿಗ್ಗೆ ಉದ್ದನೆಯ ಕೋಲಿನಿಂದ ನೀರಿನ ಬೋಗುಣಿಯನ್ನು ಬಂಟ್ಯಾನ ಮುಂದೆ ತಳ್ಳಿ, ಉಸಿರು ಹಿಡಿದು ನಿಲ್ಲುತ್ತಿದ್ದಳು. ಅವನು ಲೊಚಲೊಚ ಕುಡಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಮೂರ್ನಾಲ್ಕು ವಾರಕ್ಕೆ ಕರು ಸತ್ತಿತು. ಅಂದು ಅವಳಿಗೆ ಊಟ ಸೇರಲಿಲ್ಲ. ಸಂಜೆಯತನಕ ಕೊಟ್ಟಿಗೆಯ ಬಾಗಿಲಲ್ಲೇ ಕುಳಿತಿದ್ದಳು. ಬಂಟ್ಯಾ ನೊಣ ಹೊಡೆಯುತ್ತ, ಆಕಳಿಸುತ್ತ, ಅವಳನ್ನೇ ನೋಡುತ್ತ ಮಲಗಿದ್ದ.

ಗಡುವು ದಾಟಿತು. ಡಾಕ್ಟರು ಬಂದು ನೋಡಿ, "ಬಿಚ್ಚರಿ," ಎಂದರು. ಈರಪ್ಪ ಮುಂದೆ ಬಂದ. ಗೌರಕ್ಕ ಅವನನ್ನು ಸರಿಸಿ ತಾನೇ ಬಗ್ಗಿದಳು. ಸರಪಳಿಯ ಕೊಂಡಿ ತುಕ್ಕು ಹಿಡಿದಿತ್ತು, ಬೇಗ ಬಿಚ್ಚಿಕೊಳ್ಳಲಿಲ್ಲ. ಬಂಟ್ಯಾ ಅವಳ ಮುಂಗೈ ಮೂಸಿದ. ಅವಳು ಕೈ ಹಿಂದೆಗೆಯಲಿಲ್ಲ. ಅವನ ಕುತ್ತಿಗೆಯ ಕೂದಲು ಅವಳಂದುಕೊಂಡದ್ದಕ್ಕಿಂತ ಮೆತ್ತಗಿತ್ತು.

ಮೀರಾಸಾಬ ಗೋಡೆಯಾಚೆಯಿಂದ ನೋಡುತ್ತಿದ್ದ. ಅವನ ಕುರಿದೊಡ್ಡಿಗೂ ಎರಡು ನಾಯಿಗಳಿದ್ದವು.

"ಡಾಕ್ಟರ ಸಾಹೇಬ್ರ, ನಮ್ಮವಕ್ಕೂ ಆಗ್ತೇತೇನ್ರಿ ಆ ಸೂಜಿ?"

"ಆಗ್ತೇತಪಾ, ಹಿಡಕೊಂಡ್ ಬಾ."

"ಹಿಡಿಯೂದ ಹ್ಯಾಂಗ್ರಿ, ನನ್ನ ಕೈಗೂ ಸಿಗೂದಿಲ್ಲ ಅವು," ಎಂದು ಮೀರಾಸಾಬ ತಲೆ ಕೆರೆದುಕೊಂಡ. ಗೌರಕ್ಕ ನಕ್ಕು, ಒಳಗಿನಿಂದ ಎರಡು ರೊಟ್ಟಿ ತಂದು ಗೋಡೆಯ ಮೇಲೆ ಇಟ್ಟಳು.